ವೀಸಾ ಅಕ್ಕನ ಕೋಟು

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಆಕೆಯನ್ನು ಎಲ್ಲರೂ ಕರೆಯುವುದು ವೀಸಾ ಅಕ್ಕ ಅಂತಲೇ. ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಆಣೆ ಮಾಡಿ ಹೇಳಬಹುದು! ಮದುವೆಯಾಗಿ ಎರಡೇ ತಿಂಗಳಿಗೆ ಗಂಡ ಪರದೇಶದ ಗೋದಾಮಿನ ಕೆಲಸಕ್ಕೆ ಹಾರಿದ. "ಆರು ತಿಂಗ್ಳಲ್ಲಿ ನೀನೂ ಬಂದ್ಬಿಡ್ತೀಯ" ಅಂದಿದ್ದ. ಅದಾಗಿ ನಾಲ್ಕು ವರ್ಷ.

ಎರಡು ಸಲ ಅರ್ಜಿ ಹಾಕಿದಳು, ಎರಡು ಸಲವೂ ವೀಸಾ ಕಚೇರಿ ಇಲ್ಲ ಎಂದಿತು. ಕಾಗದ ಇಂಗ್ಲಿಷಿನಲ್ಲಿ. ಅದರ ಫೋಟೋ ಹೊಡೆದು ಗಂಡನಿಗೇ ಕಳಿಸುತ್ತಿದ್ದಳು.

"ಮದ್ವೆ ಫೋಟೋ ಸಾಲ್ದಂತೆ ಕಣೆ," ಎನ್ನುತ್ತಿದ್ದ. "ಅವ್ರಿಗೆ ನಂಬಿಕೇನೇ ಇಲ್ಲ."

ಮೂರನೇ ಅರ್ಜಿಗೆ ಮದುವೆ ಆಲ್ಬಮ್ಮನ್ನೇ ಖಾಲಿ ಮಾಡಿದಳು. ಅಂಗಡಿಯ ಅಳತೆ ಪುಸ್ತಕದಲ್ಲಿದ್ದ ಗಂಡನ ಪುಟದ ನಕಲನ್ನೂ ಸೇರಿಸಿದಳು: ಕುತ್ತಿಗೆ ಹದಿನೈದೂವರೆ, ಎಡತೋಳು ಬಲಕ್ಕಿಂತ ಕಾಲಿಂಚು ಗಿಡ್ಡ. ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ ಇದು? ಜೊತೆಗೆ ತನಗೊಂದು ಉಣ್ಣೆ ಕೋಟು ಹೊಲಿದುಕೊಂಡು, ಪಾಸ್‌ಪೋರ್ಟಿಗೆಂದೇ ಒಳಜೇಬು ಇಟ್ಟಳು.

ಮೂರನೇ ಕಾಗದ ಬಂದ ದಿನ ಅದರ ಫೋಟೋ ಕಳಿಸಿ ಕರೆ ಮಾಡಿದರೆ ಗಂಡ ಫೋನ್ ಎತ್ತಲಿಲ್ಲ. ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದ ಟೀಚರಮ್ಮನ ಕೈಗೆ ಕಾಗದ ಕೊಟ್ಟಳು.

"ಇನ್ನೆಷ್ಟು ಫೋಟೋ ಬೇಕಂತೆ ನೋಡಿ ಮೇಡಂ."

"ಫೋಟೋ ಮಾತೇ ಇಲ್ವಲ್ಲಮ್ಮ. ನಿನ್ನ ಗಂಡ ಸಂಬಳದ ಚೀಟಿ, ಮನೆ ಬಾಡಿಗೆ ಪತ್ರ ಕಳಿಸ್ಬೇಕಿತ್ತಂತೆ. ಕಳಿಸೇ ಇಲ್ಲ."

ಪೆಟ್ಟಿಗೆಯಿಂದ ಹಳೆಯ ಎರಡು ಕಾಗದಗಳನ್ನೂ ತೆಗೆದು ಕೊಟ್ಟಳು. ಅವುಗಳಲ್ಲೂ ಅದೇ. ಇಷ್ಟು ವರ್ಷ ಮುಖ ಕಾಣದ ಅಧಿಕಾರಿಗೆ ಬಾಯಿಗೆ ಬಂದಂತೆ ಶಾಪ ಹಾಕಿದ್ದಳು. ಪಾಪ, ಆತ ಮೂರು ಸಲವೂ ನಿಜವನ್ನೇ ಬರೆದಿದ್ದ.

ಸಂಜೆ ಗಂಡನೇ ಫೋನ್ ಮಾಡಿದ. "ಈ ಸಲಾನೂ ಫೋಟೋ ಸಾಲ್ದಂತೆ..."

"ಓದ್ಸಿದೆ. ಮೂರನ್ನೂ."

ಅವನು ತೊದಲಿದ: "ಇಲ್ಲಿ ಚಳಿ ಕಣೆ. ನಿಂಗೆ ಒಗ್ಗಲ್ಲ ಅಂತ..."

"ಒಗ್ಗದೆ ಇದ್ದಿದ್ದು ಚಳೀನಾ, ನಾನಾ? ನೀನೇ ಹೇಳು."

ನಾಲ್ಕು ವರ್ಷ 'ರೀ' ಬಿಟ್ಟು ಬೇರೆ ಅನ್ನದ ಬಾಯಲ್ಲಿ 'ನೀನು' ಬಂದಿತ್ತು. ಅವನಿಗೂ ಕೇಳಿಸಿರಬೇಕು, ಫೋನ್ ಇಟ್ಟುಬಿಟ್ಟ.

ಮರುದಿನ ಕೋಟು ಮಾರಾಟಕ್ಕೆಂದು ಅಂಗಡಿ ಬಾಗಿಲಲ್ಲಿ ತೂಗಾಡುತ್ತಿತ್ತು. ಪಕ್ಕದ ಬೇಕರಿಯವಳು ಹಾಕಿ ನೋಡಿದಳು. "ಅಕ್ಕಾ, ಚೆನ್ನಾಗೈತೆ! ಈ ಒಳಜೇಬು ಯಾಕೆ?"

"ಸುಮ್ನೆ ಇಟ್ಟಿದ್ದೆ. ತಾ ಇಲ್ಲಿ, ಅದರ ಹೊಲಿಗೆ ಬಿಚ್ಚಿ ಕೊಡ್ತೀನಿ."