ಹತ್ತಕ್ಕೆ ನಾಲ್ಕು ಅಂಕದ ಉಪ್ಪಿಟ್ಟು

ನನ್ನ ಉಪ್ಪಿಟ್ಟಿಗೆ ಹತ್ತಕ್ಕೆ ನಾಲ್ಕು ಅಂಕ ಬಂದಿದೆ.

(ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ಅಲ್ಲೂ ಇಷ್ಟು ಕಡಿಮೆ ಬಂದಿರಲಿಲ್ಲ.)

ಕೊಟ್ಟವನು ಕುರುಗೋಡಿನ ಹುಡುಗ. ನನ್ನ ಮೊಮ್ಮಗಳು ಸುಮಾಳನ್ನು ನೋಡಲು ಬಂದಿದ್ದ. ಅವನ ಅಪ್ಪ ಮೊನ್ನೆ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ, ಈಗ ಅದಿರಿನ ಲಾರಿಗಳ ಮಾಲೀಕ. ನನ್ನ ಮಗನದು ಬಳ್ಳಾರಿಯಲ್ಲಿ ಟೈರ್ ಅಂಗಡಿ. ಲಾರಿಯವರಿಗೆ ಟೈರಿನವರ ಮಗಳು! ಜಾತಕ ಬೇರೆ ನೋಡಬೇಕೇ?

ಉಪ್ಪಿಟ್ಟು ಮಾಡಿದ್ದು ನಾನು. 'ಹುಡುಗೀನ ಮಾಡ್ಯಾಳ' ಎಂದು ಹೇಳಿದ್ದೂ ನಾನೇ. ಹೆಣ್ಣು ತೋರಿಸುವ ಎಲ್ಲ ಮನೆಯಲ್ಲೂ ಹೇಳುವ ಸುಳ್ಳು ಅದು.

ಹುಡುಗನ ಬಗ್ಗೆ ನಾನೂ ಸರ್ಚ್ ಮಾಡಿದ್ದೆ, ನಮ್ಮ ಕಾಲದ ಪದ್ಧತಿಯಲ್ಲಿ. ಕುರುಗೋಡಿಗೆ ಹೋಗಿ, ಅವರ ಎದುರು ಮನೆಯಲ್ಲಿ ನೀರು ಕೇಳಿ ಕುಡಿದು, ಮೆಲ್ಲಗೆ ವಿಚಾರಿಸಿದೆ. 'ಬಂಗಾರದಂಥ ಹುಡುಗ. ತಲಿ ಎತ್ತಿ ನೋಡಂಗಿಲ್ಲ' ಎಂದರು. ನಿಜವೇ. ಇಪ್ಪತ್ತನಾಲ್ಕು ತಾಸೂ ಫೋನ್ ನೋಡುವವನು ತಲೆ ಎತ್ತುವುದು ಯಾವಾಗ?

ಅವರು ನೋಡಿ ಹೋದ ಮೇಲೆ ಸುಮಾ ತನ್ನ ಫೋನಿನಲ್ಲಿ ಹುಡುಕಿದಳು. ಮೊದಲು ಬರೀ ಕೂಲಿಂಗ್ ಗ್ಲಾಸ್ ಫೋಟೋಗಳೇ. ಆಮೇಲೆ ನಮ್ಮ ಮನೆಯ ತಟ್ಟೆ ಬಂತು: 'ಹತ್ತಕ್ಕೆ ನಾಲ್ಕು.' ಅದರ ಕೆಳಗೆ ಪಗಡೆ ಮನೆಯಂಥ ಒಂದು ಗುರುತು, ಪಕ್ಕದಲ್ಲಿ ಅಕ್ಷರ: #ಹೆಣ್ಣಿನಮನಿಉಪ್ಪಿಟ್ಟು.

"ಏನಲೇ ಇದು?"

"ಹ್ಯಾಷ್‌ಟ್ಯಾಗ್ ಅಜ್ಜಿ. ಒತ್ತಿದ್ರ ಅದ ನಮೂನಿವು ಎಲ್ಲಾ ಒಂದ ಕಡಿ ಬರ್ತಾವ."

"ಸಂತ್ಯಾಗ ಬಳಿ ಅಂಗಡಿ ಸಾಲು ಇದ್ದಂಗ?"

"ಹೂಂ."

ಒತ್ತಿದಳು. ಬಂತು ನೋಡಿ ಸಾಲು! ಸಿರುಗುಪ್ಪದ ತಟ್ಟೆ: 'ಆರು. ಹುಡುಗಿ ಕುಳ್ಳಿ.' ದೇಶನೂರಿನದು: 'ಐದು. ಉಪ್ಪು ಜಾಸ್ತಿ, ಬಣ್ಣ ಕಮ್ಮಿ.' ಕರೂರಿನದು: 'ಒಂಬತ್ತು!' ತಟ್ಟೆಯ ಜೊತೆ ಹಸಿರು ಬಳೆ ತೊಟ್ಟ ಕೈಯೂ ಫೋಟೋದಲ್ಲಿತ್ತು. ಆ ಊರಿನಲ್ಲಿ ಯಾರ ಮಗಳ ಕೈ ಎಂದು ಗುರುತು ಹಿಡಿಯುವುದು ಕಷ್ಟವೇ? ಕೆಳಗೆ ಅವನ ದೋಸ್ತರು ಒತ್ತಿದ ಹಳದಿ ನಗುಮುಖಗಳು, ಬರೀ ಹಲ್ಲು.

ಮಗನಿಗೆ ತೋರಿಸಿದೆ. "ಹುಡುಗ್ರು ಚೇಷ್ಟಿ ಮಾಡ್ತಾರ ಬಿಡವ್ವಾ. ಅಂಥಾ ಮನಿ ಮತ್ತ ಸಿಗತೈತೇನು?" ಎಂದ. ಹೆಣ್ಣು ಒಪ್ಪಿಗೆಯಾಗಿದೆ, ಶುಕ್ರವಾರ ತಾಂಬೂಲಕ್ಕೆ ಬರುತ್ತೇವೆ ಎಂದು ಅವರು ಹೇಳಿಯೂ ಆಗಿತ್ತು. ಸುಮಾಳನ್ನು ಯಾರೂ ಕೇಳಲಿಲ್ಲ.

ಶುಕ್ರವಾರ ಬಂದರು. ಬಿಳಿ ಕಾರು, ಮೈತುಂಬ ಕೆಂಪು ಧೂಳು. ಸುಮಾ ಉಪ್ಪಿಟ್ಟಿನ ತಟ್ಟೆ ತಂದು ಹುಡುಗನ ಮುಂದೆ ಇಟ್ಟಳು.

"ಆರೋದ್ರೊಳಗ ಫೋಟೋ ತಗೊಳ್ರಿ. ಈ ಸಲ ನಾನ ಮಾಡೀನಿ."

ಹುಡುಗನ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. ಅವನ ತಾಯಿ, "ಏನವ್ವಾ ಫೋಟೋ?" ಎಂದಳು. ಸುಮಾ ಫೋನ್ ಅವಳ ಕೈಗೇ ಕೊಟ್ಟಳು. ಆಕೆ ಒಂದೊಂದೇ ತಟ್ಟೆ ನೋಡಿದಳು. ಮಗನಿಗೆ ಕಪಾಳಕ್ಕೆ ಬಿಗಿಯುತ್ತಾಳೆ ಎಂದುಕೊಂಡೆ.

"ಕರೂರಿನಕೀಗೆ ಒಂಬತ್ತು ಕೊಟ್ಟೀಯಲ್ಲೋ! ಮತ್ತ ಬ್ಯಾಡ ಅಂದಿದ್ದ್ಯಾಕ?"

"ಅವರ ಕಡಿ ಬರೀ ಭತ್ತದ ಗದ್ದಿ ಅದಾವಂತ ಅಪ್ಪನ ಬ್ಯಾಡ ಅಂದ."

ಅಪ್ಪ ಕೆಮ್ಮಿದ. ನನ್ನ ಮಗ ಗೋಡೆಯ ಕ್ಯಾಲೆಂಡರ್ ನೋಡಿದ. ಒಂಬತ್ತು ಅಂಕದವಳನ್ನು ಬಿಟ್ಟು ನಾಲ್ಕು ಅಂಕದ ಮನೆಗೆ ಯಾಕೆ ಬಂದರು ಎಂಬುದು ಟೈರಿನವನಿಗೆ ಅರ್ಥವಾಗದೇ?

"ನಾ ಒಲ್ಲೆಪ್ಪಾ," ಎಂದಳು ಸುಮಾ. ನಾನು ಎದ್ದು ತಾಂಬೂಲದ ತಟ್ಟೆಯನ್ನು ಒಳಗೆ ಇಟ್ಟು ಬಂದೆ. ಅವರು ಹೋದರು.

ಈಗ ಮಗನದು ಒಂದೇ ರಾಗ: "ಸುದ್ದಿ ಊರೆಲ್ಲಾ ಆಗೇತಿ. ಇನ್ನ ನಮ್ಮ ಮನಿಗೆ ಹೆಣ್ಣು ನೋಡಾಕ ಯಾರು ಬರ್ತಾರವ್ವಾ?"

ಬರುವವರು ಬರಲಿ. ಚಪ್ಪಲಿ ಬಿಟ್ಟ ಕಡೆಯೇ ಫೋನನ್ನೂ ಬಿಟ್ಟು ಬರಲಿ.