ಆಟದ ಸಾಮಾನಿನ ದಸರಾ

ಓನರ್ ಆಂಟಿಯ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಹಸಿರು ಎನಾಮಲ್ ಬಣ್ಣದ ಚುಕ್ಕೆಯೊಂದು ಸದಾ ಇರುತ್ತಿತ್ತು. ಹೀಗೆ ಬರೆದ ಕೂಡಲೇ ಅನುಮಾನ ಬಂತು. ಹಸಿರೇ ಆಗಿತ್ತೆ? ಸದಾ ಇರುತ್ತಿತ್ತೆ? ಅಥವಾ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಅವರು ಹಳೆಯ ಮಣ್ಣಿನ ಗಿಳಿಗಳಿಗೆ ಬಣ್ಣ ಹಚ್ಚುವ ದಿನಗಳಲ್ಲಿ ಮಾತ್ರ ಕಂಡದ್ದನ್ನು ನಾನು ವರ್ಷವಿಡೀ ಹಬ್ಬಿಸಿಕೊಂಡಿದ್ದೇನೆಯೆ? ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಕೆಲವು ವಿವರಗಳು ತಪ್ಪಿರಬಹುದು. ಬಣ್ಣವಂತೂ ಇತ್ತು.

ಇದೆಲ್ಲ ಎದ್ದು ಬಂದದ್ದು ಕಳೆದ ವಾರ, ಅಂಜನಾಪುರದ ಅಮ್ಮನ ಮನೆಯಲ್ಲಿ. ದೊಡ್ಡ ಇಡ್ಲಿ ಪಾತ್ರೆ ಇಳಿಸಲೆಂದು ಅಟ್ಟಕ್ಕೆ ಕೈಹಾಕಿದೆ. ಅದರ ಹಿಂದಿನಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಒಳಗೆ ಹಳೆಯ ವಾಯಿಲ್ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗಂಟುಗಳು. ಒಂದೊಂದೇ ಬಿಚ್ಚಿದೆ. ಕೀಲಿ ಕೊಟ್ಟರೆ ಡೋಲು ಬಾರಿಸುವ ಕೋತಿ. ಚನ್ನಪಟ್ಟಣದ ಮರದ ಅಡುಗೆ ಸೆಟ್ಟು, ಅದರಲ್ಲಿ ಬೀಸುಕಲ್ಲಿನ ಹಿಡಿ ಮಾತ್ರ ನಾಪತ್ತೆ. ಹಳದಿ ರೋಡ್ ರೋಲರ್. ಕೊನೆಗೆ, ಮಲಗಿಸಿದರೆ ಕಣ್ಣು ಮುಚ್ಚುವ ಪ್ಲಾಸ್ಟಿಕ್ ಗೊಂಬೆ. ಎಬ್ಬಿಸಿದರೆ ಅದರ ಒಂದೇ ಕಣ್ಣು ತೆರೆಯುತ್ತಿತ್ತು, ಆಗಲೂ ಈಗಲೂ. ನಾನು ನೆಲದ ಮೇಲೆ ಕೂತು ಒಬ್ಬಳೇ ಗಟ್ಟಿಯಾಗಿ ನಕ್ಕೆ. ಆ ಕಣ್ಣು ಕೆಟ್ಟ ದಿನ ಅಳುತ್ತ ಕೆಳಗಿಳಿದು ಹೋದ ನನಗೆ ಆಂಟಿ ಹೇಳಿದ್ದರು: "ಕಣ್ಣು ಹೊಡೀತಾಳೆ ಕಣೇ ನಿನ್ ಮಗಳು. ಹೊಡೀಲಿ ಬಿಡು, ವಯಸ್ಸು."

ಬನಶಂಕರಿಯಲ್ಲಿ ನಾವು ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು, ಅವರು ಕೆಳಗೆ. ಮನೆ ಅಂಕಲ್ ಹೆಸರಿನಲ್ಲಿದ್ದರೂ ನಮಗೆಲ್ಲ ಓನರ್ ಅಂದರೆ ಆಂಟಿಯೇ. ಬೆಳಗ್ಗೆ ನೀರಿನ ಮೋಟರ್ ಹಾಕಿ, ಮೆಟ್ಟಿಲ ಕೆಳಗೆ ನಿಂತು "ಟ್ಯಾಂಕು ತುಂಬ್ತಿದೆ, ಬಟ್ಟೆ ನೆನೆಸೋರು ನೆನೆಸ್ಕೊಳ್ರಪ್ಪಾ" ಎಂದು ಕೂಗುತ್ತಿದ್ದರು. ಮಕ್ಕಳಿಲ್ಲದ ಅವರ ಮನೆಯಲ್ಲಿ ಸಂಜೆ ಹೊತ್ತು ಬೀದಿಯ ಮಕ್ಕಳೆಲ್ಲ ಇರುತ್ತಿದ್ದೆವು. ಯಾರಾದರೂ ಅದರ ಬಗ್ಗೆ ಅಯ್ಯೋ ಪಾಪ ಎನ್ನಲು ಬಾಯಿ ತೆರೆದರೆ, "ಇವರನ್ನ ಸಂಜೆ ವಾಪಸ್ ಕಳಿಸ್ಬೋದು ನೋಡಿ, ಅದೇ ಸುಖ" ಎಂದು ತಾವೇ ಮೊದಲು ನಗುತ್ತಿದ್ದರು.

ನವರಾತ್ರಿಗೆ ಅವರ ಮನೆಯ ಗೊಂಬೆಗಳೆಂದರೆ ನಮ್ಮ ಬೀದಿಗೆ ಹೆಮ್ಮೆ. ಟ್ರಂಕು, ಸ್ಟೂಲು, ಹಲಗೆಗಳನ್ನು ಜೋಡಿಸಿ ಮೆಟ್ಟಿಲು ಮಾಡಿ, ಮೇಲೆ ಅಂಕಲ್‌ನ ಬಿಳಿ ಪಂಚೆ ಹಾಸಿ, ತುದಿಯಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸುತ್ತಿದ್ದರು. ಅವರ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ, ರಾಣಿ. ನಾವು ಮಕ್ಕಳು ಮನೆಮನೆಯ ಬಾಗಿಲಲ್ಲಿ "ರೀ, ಗೊಂಬೆ ಕೂರ್ಸಿದೀರಾ?" ಎಂದು ಕೂಗಿ, ಕೈಯಲ್ಲಿ ಉಸಲಿ ತುಂಬಿಸಿಕೊಂಡು ಬರುತ್ತಿದ್ದೆವು. ಆಂಟಿಯ ಮನೆಗೆ ಕೊನೆಯಲ್ಲಿ ಹೋಗುತ್ತಿದ್ದೆವು, ಎರಡನೇ ಸಲ ಕೇಳಿದರೂ ಕೊಡುತ್ತಿದ್ದರಲ್ಲ.

ನಾನು ಮೂರನೇ ಕ್ಲಾಸಿನಲ್ಲೋ ನಾಲ್ಕನೆಯದರಲ್ಲೋ ಇದ್ದಾಗ ಅಂಕಲ್ ತೀರಿಕೊಂಡರು. ಆ ವರ್ಷ ಹಬ್ಬವಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ವರ್ಷ ಕಳೆದ ಮೇಲೆ ಗಿರಿನಗರದಿಂದ ಅಂಕಲ್‌ನ ಅಕ್ಕ ಬಂದು, ಇನ್ನು ಈ ಮನೆಯಲ್ಲಿ ಗೊಂಬೆ ಕೂರಿಸುವಂತಿಲ್ಲ, ಜೋಡಿ ಗೊಂಬೆ ಮುತ್ತೈದೆಯ ಮನೆಯಲ್ಲಿರಬೇಕು ಎಂದು ರಾಜರಾಣಿಯನ್ನು ತಮ್ಮ ಸೊಸೆಗೆಂದು ಆಟೋದಲ್ಲಿ ತೆಗೆದುಕೊಂಡು ಹೋದರು. ಆಂಟಿ ಗೇಟಿನ ತನಕ ಹೋಗಿ ಬೀಳ್ಕೊಟ್ಟರು. ಬೀದಿಯ ಹೆಂಗಸರಾರೂ ಅದನ್ನು ತಪ್ಪೆನ್ನಲಿಲ್ಲ. ನನ್ನ ಅಮ್ಮನೂ ಅನ್ನಲಿಲ್ಲ. ಅದೇ ವರ್ಷ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಬೀದಿಯವರನ್ನೆಲ್ಲ ಕರೆಯಲು ಕುಂಕುಮದ ಬಟ್ಟಲು ಹಿಡಿದು ಹೊರಟಿದ್ದ ಅಮ್ಮ ಆಂಟಿಯ ಬಾಗಿಲನ್ನು ದಾಟಿಕೊಂಡು ಹೋಗಿದ್ದಳು. ಸಂಜೆ ನನ್ನ ಕೈಯಲ್ಲಿ ಒಬ್ಬಟ್ಟು ಕಳಿಸಿದಳು. ಅದನ್ನು ನಾನೇ ಕೊಟ್ಟು ಬಂದದ್ದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ಮಾರನೆಯ ಬೆಳಗ್ಗೆ ಆಂಟಿ ಮೆಟ್ಟಿಲ ಕೆಳಗೆ ನಿಂತು ಕೂಗಿದರು. ನೀರಿನ ವಿಷಯವಲ್ಲ.

"ಪುಟ್ಟೀ, ನಿನ್ ಆಟದ ಸಾಮಾನೆಲ್ಲ ತಗೊಂಡ್ ಬಾ. ಎದುರು ಮನೆಯವರಿಗೂ ಹೇಳು. ಮುರಿದಿರೋದಾದ್ರೂ ಪರವಾಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಟ್ರಂಕು, ಸ್ಟೂಲು, ಹಲಗೆಗಳು ಮೇಲೇರಿದ್ದವು. ಅಂಕಲ್‌ನ ಪಂಚೆ ಇಸ್ತ್ರಿಯಾಗಿ ಬಂದಿತ್ತು. ಬೀದಿಯ ಅಷ್ಟೂ ಮಕ್ಕಳ ಸಾಮಾನು ನಡುಮನೆಯಲ್ಲಿ ರಾಶಿ. ಆಂಟಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮಣ್ಣಿನ ಗೊಂಬೆಗಳಿಗೆ ಕೊಡುತ್ತಿದ್ದಷ್ಟೇ ಗಮನ ಕೊಟ್ಟು ಒಂದೊಂದಕ್ಕೂ ಜಾಗ ಹುಡುಕಿದರು. ಪ್ಲಾಸ್ಟಿಕ್ ಸೈನಿಕರು ಸಾಲಾಗಿ ಅಡುಗೆ ಸೆಟ್ಟಿನ ಮುಂದೆ ಊಟಕ್ಕೆ ಕೂತರು. ಚಕ್ರವಿಲ್ಲದ ಬಸ್ಸಿಗೆ "ಕೆಟ್ಟು ನಿಂತಿದೆ, ಸಾರಕ್ಕಿ ಸಿಗ್ನಲ್ ಹತ್ರ ಇಡು" ಎಂದರು. ರೋಡ್ ರೋಲರ್ ಅದರ ಹಿಂದೆ ಕಾಯುತ್ತ ನಿಂತಿತು. ರಾಜರಾಣಿಯ ಜಾಗದಲ್ಲಿ ಯಾರು ಎಂಬುದಕ್ಕೆ ನಮ್ಮೊಳಗೆ ದೊಡ್ಡ ಜಗಳವಾಯಿತು. ಕೊನೆಗೆ ನನ್ನ ಕಣ್ಣು ಹೊಡೆಯುವ ಮಗಳು ಮತ್ತು ಡೋಲಿನ ಕೋತಿ ಪಟ್ಟಕ್ಕೇರಿದರು. ಆಂಟಿ ಕೋತಿಗೆ ಬ್ಲೌಸ್ ಪೀಸಿನ ಅಂಚಿನಿಂದ ಪೇಟ ಸುತ್ತಿದರು.

ಸಂಜೆ ಸುದ್ದಿ ತಿಳಿದು ಗಿರಿನಗರದಿಂದ ಅಂಕಲ್‌ನ ಅಕ್ಕ ಬಂದೇಬಿಟ್ಟರು. ಚಪ್ಪಲಿ ಬಿಡುತ್ತಲೇ ಶುರು.

"ಏನೇ ಇದು? ಗೊಂಬೆ ಕೂರಿಸ್ಬೇಡ ಅಂದಿರ್ಲಿಲ್ವಾ ನಾನು?"

"ಗೊಂಬೆ ಎಲ್ಲಿದೆ ಅತ್ತಿಗೆ? ಗೊಂಬೆ ನಿಮ್ಮನೇಲಿದೆ. ಇದು ಆಟದ ಸಾಮಾನು. ಮಕ್ಕಳು ಆಡ್ಕೋತಿದಾರೆ."

"ಆರತಿ ತಟ್ಟೆ ಬೇರೆ ಇದೆ!"

"ನಾನೆಲ್ಲಿ ಮುಟ್ಟಿದೀನಿ? ಅವರೇ ಎತ್ತುತಾರಂತೆ. ಮಕ್ಕಳಿಗೆ ಬೇಡ ಅನ್ನಕ್ಕಾಗುತ್ತಾ, ನೀವೇ ಹೇಳಿ."

ಅಷ್ಟರಲ್ಲಿ ನಮ್ಮಲ್ಲೊಬ್ಬರು ಕೋತಿಗೆ ಕೀಲಿ ಕೊಟ್ಟರು. ಅದು ಪೇಟ ಅಲ್ಲಾಡಿಸುತ್ತ ಡಬಡಬ ಬಾರಿಸುತ್ತ, ನಿಧಾನವಾಗಿ ತಿರುಗಿ, ರಾಣಿಗೆ ಬೆನ್ನು ಮಾಡಿ ನಿಂತುಬಿಟ್ಟಿತು. ಆ ಹಿರಿಯ ಹೆಂಗಸು ತುಟಿ ಬಿಗಿಹಿಡಿದರು, ಹಿಡಿದರು, ಆಮೇಲೆ ಆಗಲಿಲ್ಲ. "ಥೂ, ನಮ್ಮನೆಯವರ ಥರಾನೇ, ಮಾತು ಬೆಳೆದ್ರೆ ಬೆನ್ನು ತಿರುಗ್ಸೋದು" ಎಂದು ತಮ್ಮ ಗಂಡನನ್ನು ಎಳೆದುತಂದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಂಟಿಯೂ ನಕ್ಕರು. ಅಂಕಲ್ ಹೋದ ಮೇಲೆ ಅವರು ಹಾಗೆ ಮೈಮರೆತು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಉಸಲಿಯನ್ನು ಎರಡು ಸಲ ಹಾಕಿಸಿಕೊಂಡು ಹೋದ ಅತ್ತಿಗೆ, ಮುಂದಿನ ವರ್ಷ ಮೊಮ್ಮಗನ ರೈಲನ್ನು ತಾವೇ ತಂದರು.

ಆಮೇಲೆ ಪ್ರತಿ ವರ್ಷವೂ ಆಟದ ಸಾಮಾನಿನ ದಸರಾ. ವಿಜಯದಶಮಿಯ ರಾತ್ರಿ ಕೋತಿಯನ್ನೂ ರಾಣಿಯನ್ನೂ ಮಲಗಿಸಿ, ಮಾರನೆಯ ದಿನ ಪ್ರತಿಯೊಂದನ್ನೂ ತಮ್ಮ ಹಳೆ ಸೀರೆಯಲ್ಲಿ ಸುತ್ತಿ ಅವರವರ ಮನೆಗೆ ತಲುಪಿಸುತ್ತಿದ್ದರು. ನಾವು ಅಂಜನಾಪುರಕ್ಕೆ ಬಂದ ಮೇಲೆ, ನಾನು ಎಂ.ಎ. ಓದುತ್ತಿದ್ದಾಗ, ಆಂಟಿ ತೀರಿಕೊಂಡರು. ಹಾಗಾದರೆ ಕಳೆದ ವಾರ ನಾನು ಬಿಚ್ಚಿದ್ದು ಅವರ ಕೈ ಕಟ್ಟಿದ ಗಂಟುಗಳು. ಇದು ಗೊತ್ತಾದದ್ದು ಎಲ್ಲವನ್ನೂ ಬಿಚ್ಚಿಯಾದ ಮೇಲೆ.

ಆ ಮೊದಲ ಸಂಜೆಯ ಇನ್ನೊಂದು ಚಿತ್ರ ನನ್ನಲ್ಲಿದೆ, ಅದನ್ನು ನಂಬಲು ಹೆದರುತ್ತೇನೆ. ಬಂದ ಹೆಂಗಸರಿಗೆಲ್ಲ ನಾವು ಹುಡುಗಿಯರೇ ಕುಂಕುಮ ಕೊಡುತ್ತಿದ್ದೆವು. ಆಂಟಿ ಗೋಡೆಗೊರಗಿ ದೂರ ನಿಂತಿದ್ದರು. ಎಲ್ಲರೂ ಹೋದ ಮೇಲೆ ಮೈಸೂರು ಸಿಲ್ಕ್ ಉಟ್ಟ ಯಾರೋ ಬಟ್ಟಲಿಗೆ ಬೆರಳು ಅದ್ದಿ ಅವರ ಹಣೆಗೆ ಇಡುತ್ತಾರೆ. ಆಂಟಿ ಕಣ್ಣು ಮುಚ್ಚುತ್ತಾರೆ. ಸೀರೆ ಅಮ್ಮನದು. ಇದು ನಡೆದದ್ದೋ, ಅಮ್ಮ ಹಾಗೆ ಮಾಡಿರಲಿ ಎಂದು ದೊಡ್ಡವಳಾದ ಮೇಲೆ ನಾನು ಸೇರಿಸಿಕೊಂಡದ್ದೋ?

ಕಳೆದ ವಾರ ಡಬ್ಬದ ಸಾಮಾನು ಸುತ್ತ ಹರಡಿಕೊಂಡು ಕೂತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಸೀರೆಯ ತುಂಡುಗಳನ್ನು ತೊಡೆಯ ಮೇಲೆ ಹರಡಿ, ಸುಕ್ಕು ನೀವಿ, ಒಂದರ ಮೇಲೊಂದು ಮಡಿಸಿಡತೊಡಗಿದಳು. ನಾನು ಕೇಳಿದೆ. ಅಮ್ಮ ಮಡಿಸಿದ ತುಂಡುಗಳನ್ನು ಡಬ್ಬಕ್ಕೆ ಹಾಕಿ, ಇಡ್ಲಿ ಪಾತ್ರೆ ತೊಳೆಯಲು ಎದ್ದು ಹೋದಳು. ನಿನ್ನೆ ಫೋನಿನಲ್ಲಿ ಮತ್ತೆ ಕೇಳಿದೆ, ಅಷ್ಟೇ ಮಾತುಗಳಲ್ಲಿ:

"ಅಮ್ಮಾ, ಆವತ್ತು ಆಂಟಿಗೆ ಕುಂಕುಮ ಇಟ್ಟಿದ್ದು ನೀನೇನಾ?"