ಮರ ಕೊಯ್ಯುವ ನನ್ನ ಹಳೆಯ ಯಂತ್ರಗಳು

ಮನೆಗೆ ಬಂದ ವೃದ್ಧರನ್ನು ಕಂಡರೆ ಯಾವ ಊರು, ಮಕ್ಕಳೆಷ್ಟು, ಮಂಡಿನೋವು ಹೇಗಿದೆ ಎಂದು ಅಕ್ಕರೆಯಿಂದ ವಿಚಾರಿಸುವ ಸಜ್ಜನರು ಕೂಡ ಒಂದು ಹಳೆಯ ಯಂತ್ರದ ಮುಂದೆ ನಿಂತಾಗ ಎಲ್ಲ ಸೌಜನ್ಯವನ್ನೂ ಮರೆತು ಒಂದೇ ಒಂದು ಪ್ರಶ್ನೆ ಕೇಳುತ್ತಾರೆಂಬುದನ್ನು ನೀವೂ ಗಮನಿಸಿರಬಹುದು: "ಸ್ಟಾರ್ಟ್ ಆಗ್ತದಾ?" ಆಗುತ್ತದೆಂದರೆ ಅನುಮಾನದ ನಗೆ, ಆಗುವುದಿಲ್ಲವೆಂದರೆ ಅನುಕಂಪದ ನಗೆ. ಈ ಎರಡೂ ನಗೆಗಳಿಗೆ ಸರಿಸಮವಾಗಿ ಪಾತ್ರನಾಗುತ್ತ ಬಂದ ನಾನು ಈಚೆಗೆ ಯಾರಾದರೂ ಹಾಗೆ ಕೇಳಿದರೆ ಉತ್ತರಿಸದೆ ಷೆಡ್ಡಿನ ಬಾಗಿಲು ಎಳೆದುಕೊಳ್ಳುತ್ತೇನೆ. ಅದು ಅಹಂಕಾರವೆಂದು ಊರಿನವರು ತಿಳಿದಿದ್ದಾರೆ. ಅಲ್ಲವೆಂದು ನಿಮಗಾದರೂ ಹೇಳಿಕೊಳ್ಳಬೇಕು.

ನಾನು ನಾಪೋಕ್ಲು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೆಸರು ಕೇಳಿ ಭ್ರಮಿಸಬೇಡಿ. ನನ್ನ ಸಮಗ್ರ ಸಾಹಿತ್ಯವೆಂದರೆ ಇಂದು ಯಾವ ಕೂಲಿ ಲೈನಿನಿಂದ ಎಷ್ಟು ಆಳು ಬಂದರು, ತೋಟದ ಯಾವ ಪಟ್ಟಿಯಲ್ಲಿ ಕಾಫಿಹಣ್ಣಿನ ಪಿಕ್ಕಿಂಗ್ ಮುಗಿಯಿತು ಎಂಬ ಗದ್ಯ. ಈ ಶುಷ್ಕ ವಾಙ್ಮಯದಿಂದ ತಪ್ಪಿಸಿಕೊಳ್ಳಲು ಕೆಲವರು ಇಸ್ಪೀಟಾಡುತ್ತಾರೆ, ಕೆಲವರು ಹಂದಿಬೇಟೆಗೆ ಹೋಗುತ್ತಾರೆ. ನನಗೆ ಅಂಟಿದ್ದು ಮರ ಕೊಯ್ಯುವ ಯಂತ್ರಗಳ ಮೋಹ. ಗರಗಸದ ಹಲ್ಲುಗಳನ್ನು ಸರಪಳಿಗೆ ಪೋಣಿಸಿ, ಆ ಸರಪಳಿಯನ್ನು ಪೆಟ್ರೋಲಿನಿಂದ ತಿರುಗಿಸುವ ಆ ರಾಕ್ಷಸರಿಗೆ ದೊರೆಗಳು ಚೈನ್ ಸಾ ಎನ್ನುತ್ತಿದ್ದರು. ನಮ್ಮವರು ಮಿಷನ್ ಎಂದು ಕರೆದು ಮುಗಿಸಿದರು.

ಅದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಚೇರಿಯ ಕಾಗದಗಳ ತಲೆಬರಹ ಬದಲಾಗುತ್ತಿದ್ದಂತೆ ತೋಟಗಳ ಬಿಳಿ ದೊರೆಗಳೂ ಒಬ್ಬೊಬ್ಬರಾಗಿ ಬದಲಾಗುತ್ತಿದ್ದರು. ಅವರು ಮಾರಿ ಹೋಗುತ್ತಿದ್ದ ಪಿಯಾನೋ, ಬೆಳ್ಳಿಯ ಚಮಚ, ಜಿಂಕೆಯ ಕೋಡುಗಳನ್ನು ಕೊಳ್ಳುವವರು ಬೇಕಾದಷ್ಟಿದ್ದರು. ಗೋದಾಮಿನ ಮೂಲೆಯಲ್ಲಿ ತುಕ್ಕು ತಿನ್ನುತ್ತ ಬಿದ್ದಿದ್ದ ಯಂತ್ರವನ್ನು ಕೇಳುವ ಹುಚ್ಚ ನಾನೊಬ್ಬನೇ. ಮೊದಲನೆಯದು ಹೀಗೆ ಬಂತು: ಯುದ್ಧಕಾಲದಲ್ಲಿ ಹಡಗೇರಿ ಬಂದದ್ದು, ಇಬ್ಬರು ಹಿಡಿಯಬೇಕಾದದ್ದು, ಒಂದು ತುದಿಯಲ್ಲಿ ಎಂಜಿನ್, ಇನ್ನೊಂದು ತುದಿಯಲ್ಲಿ ಬರೀ ಹಿಡಿ. ಎರಡನೆಯದು ಚೆಟ್ಟಳ್ಳಿಯ ಒಂದು ಬಂಗಲೆಯ ಹಿಂದೆ ಕೋಳಿಗೂಡಿನ ಬಾಗಿಲಿಗೆ ಒತ್ತಾಗಿ ಸೇವೆ ಸಲ್ಲಿಸುತ್ತಿತ್ತು. ಮೂರನೆಯದನ್ನು ಅದರ ಯಜಮಾನ, ಒಬ್ಬ ನಾಟಾ ಕಂಟ್ರಾಕ್ಟರ್, ಸಿಟ್ಟಿನಲ್ಲಿ ಹೊಳೆಗೆಸೆದಿದ್ದ. ಅದನ್ನು ಮೇಲೆತ್ತಿದಾಗ ಸೈಲೆನ್ಸರಿನೊಳಗೊಂದು ಏಡಿ ಸಂಸಾರ ಹೂಡಿತ್ತು. ಮನೆಯಾಕೆ ಈ ಮೂವರನ್ನು ತನ್ನ ಮೂರು ಸವತಿಯರೆಂದು ಪರಿಚಯಿಸುವುದನ್ನು ರೂಢಿ ಮಾಡಿಕೊಂಡಳು.

ದುರಸ್ತಿ ಎಂಬುದು ಬಹುಪಾಲು ಕಾಯುವ ಕೆಲಸ. ಹಿಡಿದುಹೋದ ಪಿಸ್ಟನ್ನಿಗೆ ಸೀಮೆಎಣ್ಣೆ ಕುಡಿಸಿ ಎರಡು ವಾರ ಕಾಯಬೇಕು. ಗ್ಯಾಸ್ಕೆಟ್ಟು ಸಿಗದಿದ್ದರೆ ಹಾಜರಿ ಪುಸ್ತಕದ ದಪ್ಪ ರಟ್ಟನ್ನು ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಸಿ, ಕಾಯಬೇಕು. ಒಂದೊಂದು ಹಲ್ಲನ್ನೂ ಅರದಿಂದ ಒಂದೇ ಓರೆಗೆ ಮೂರೇ ಸಲ ಉಜ್ಜಬೇಕು. ಒಂದು ಕಡೆಯ ಹಲ್ಲುಗಳು ತುಸು ಹೆಚ್ಚು ಹರಿತವಾದರೂ ಗರಗಸ ಮರದೊಳಗೆ ಸೊಟ್ಟ ದಾರಿ ಹಿಡಿಯುತ್ತದೆ. ಇಷ್ಟೆಲ್ಲ ಏಕಾಗ್ರತೆ ದೇವರ ಕಡೆಗಿದ್ದಿದ್ದರೆ ಇಷ್ಟರಲ್ಲಿ ಸಾಕ್ಷಾತ್ಕಾರವಾಗುತ್ತಿತ್ತೆಂದು ಮನೆಯಾಕೆಯ ಅಭಿಪ್ರಾಯ. ನನಗಾದ ಸಾಕ್ಷಾತ್ಕಾರವೆಂದರೆ ಸಾರನ್ನದಲ್ಲೂ ಪೆಟ್ರೋಲಿನ ವಾಸನೆ.

ಈ ತಪಸ್ಸಿಗೆ ಇದ್ದ ಏಕೈಕ ಪ್ರೇಕ್ಷಕರು ನೆರೆಮನೆಯ ಕುಶಾಲಪ್ಪನವರು. ಅರೆಭಾಷೆ ಗೌಡರು, ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ನನಗಿಂತ ಹದಿನೈದು ವರ್ಷ ಹಿರಿಯರು, ಕೊಡಲಿ ಹಿಡಿದರೆ ಸುತ್ತಿನಲ್ಲಿ ಅವರ ಸಮಾನರಿಲ್ಲ. ಭಾನುವಾರ ಬಂದು ಷೆಡ್ಡಿನ ಬೆಂಚಿನ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ನನ್ನ ಸೋಲುಗಳನ್ನು ಪರಮ ತೃಪ್ತಿಯಿಂದ ನೋಡುತ್ತಿದ್ದರು. ಯುದ್ಧಕಾಲದ ಆ ದೊಡ್ಡ ಯಂತ್ರ ಕೊನೆಗೂ ಬಾಯಿಬಿಟ್ಟ ದಿನ ಅದರ ಇನ್ನೊಂದು ಹಿಡಿಯನ್ನು ಹಿಡಿದವರೂ ಅವರೇ. ಸಿಲ್ವರ್ ಓಕಿನ ಒಂದು ಮರ ಕ್ಷಣಾರ್ಧದಲ್ಲಿ ಉರುಳಿತು. ಅವರು ಹಿಡಿ ಬಿಟ್ಟು ಕಿವಿ ಉಜ್ಜಿಕೊಳ್ಳುತ್ತ ಹೇಳಿದರು: "ರೈಟರೇ, ಇದ್ರ ಬೊಬ್ಬೆ ಕೇಳಿಯೇ ಮರ ಹೆದ್ರಿ ಬೀಳ್ತದೆ. ಹಲ್ಲು ಎಂಥಕ್ಕೆ?" ಅಲ್ಲಿಂದ ಮುಂದೆ ಪ್ರತಿ ಸಲವೂ ಹಿಡಿ ಹಿಡಿಯಲು ಅವರೇ ಬೇಕು. ಬೈಯುತ್ತ ಬರುತ್ತಿದ್ದರು, ಬೈಯುತ್ತ ಹಿಡಿಯುತ್ತಿದ್ದರು. ನನಗೆ ಅವರಷ್ಟು ಆಪ್ತರು ಬೇರೆ ಯಾರೂ ಇರಲಿಲ್ಲ ಎಂಬುದನ್ನು ಅವರಿದ್ದಾಗ ಅವರಿಗೆ ಹೇಳಿದವನಲ್ಲ.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಅವರ ಜಾಗದಲ್ಲೇ ಒಂದು ಮಾವಿನ ಮರ ಕಡಿದು ಚಿತೆಗೆ ಒದಗಿಸುತ್ತಾರೆ. ಸುತ್ತಿನ ಮನೆಮನೆಯಿಂದ ಒಬ್ಬೊಬ್ಬರು ತಂತಮ್ಮ ಕೊಡಲಿ ಹೆಗಲಿಗೇರಿಸಿ ಬರುತ್ತಾರೆ. ಸರದಿಯಲ್ಲಿ ಕಡಿಯುತ್ತಾರೆ, ದಣಿದವರು ಕೂತು ಸತ್ತವರ ಮಾತಾಡುತ್ತಾರೆ. ಮರ ಉರುಳಿ, ತುಂಡಾಗಿ, ಸೀಳಿ ಸೌದೆಯಾಗುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಸೌದೆ ಒಟ್ಟಿದ ಮೇಲೆ ಚಿತೆಯನ್ನು ಬರಿದಾಗಿ ಕಾಯಿಸಬಾರದೆಂದು ಹಿರಿಯರ ಕಟ್ಟುನಿಟ್ಟು. ಆದ್ದರಿಂದ ಸಾವಿನ ಸುದ್ದಿ ಕಳಿಸುವಾಗ ಯಾರೂ ಹೊತ್ತು ತಿಳಿಸುವುದಿಲ್ಲ. ದೂರದ ನೆಂಟರು ಮಾವಿನ ಮರದ ಲೆಕ್ಕ ಹಾಕಿಯೇ ಬಸ್ಸು ಹತ್ತುತ್ತಾರೆ, ಮುಖ ನೋಡಲು ಸರಿಯಾಗಿ ಬಂದು ಮುಟ್ಟುತ್ತಾರೆ. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಪಿಕ್ಕಿಂಗ್ ಬಿರುಸಾಗಿದ್ದ ದಿನಗಳಲ್ಲೊಂದು ಬೆಳಗಿನ ಜಾವ ಕುಶಾಲಪ್ಪನವರು ತೀರಿಕೊಂಡರು. ಎದೆ ಹಿಡಿದುಕೊಂಡಿತಂತೆ, ಅಷ್ಟೆ. ಹೆಂಡತಿ ಮೊದಲೇ ಹೋಗಿದ್ದರು. ಮನೆಯಲ್ಲಿದ್ದವನು ಮಗ ಬೆಳ್ಯಪ್ಪ; ಮಗಳು ದೇವಕಿಯನ್ನು ಸಂಪಾಜೆಗೆ ಮದುವೆ ಮಾಡಿ ಕೊಟ್ಟಿತ್ತು. ಮೊದಲ ಬಸ್ಸಿನ ಕಂಡಕ್ಟರನ ಕೈಯಲ್ಲಿ ದೇವಕಿಗೆ ಚೀಟಿ ಕೊಟ್ಟು, ಬೆಳ್ಯಪ್ಪ ನಮ್ಮ ಅಂಗಳಕ್ಕೆ ಬಂದು ನಿಂತ. ನಾನು ಗೋಡೆಗೆ ಒರಗಿಸಿದ್ದ ಕೊಡಲಿಗೆ ಕೈಹಾಕಿದೆ. "ಕೊಡ್ಲಿ ಎಂಥಕ್ಕೆ ರೈಟರೇ? ನಿಮ್ಮ ಮಿಷನ್ ಉಂಟಲ್ಲ," ಎಂದ ಅವನು. "ಪಿಕ್ಕಿಂಗ್ ಬಿಟ್ಟು ಜನ ಹೆಚ್ಚು ಹೊತ್ತು ನಿಲ್ಲೂಕೆ ಇಲ್ಲೆ. ಎಲ್ಲರಿಗೂ ಹಂಗೇ ಹೇಳಿದೆ."

ನಾಚಿಕೆಗೇಡಿನ ಸಂಗತಿ, ಆದರೂ ಹೇಳುತ್ತೇನೆ: ಆ ಕ್ಷಣ ನನಗೆ ಸಂತೋಷವಾಯಿತು. ವರ್ಷಗಟ್ಟಲೆ ಅನುಕಂಪದ ನಗೆಯನ್ನು ಉಂಡವನಿಗೆ ಇಡೀ ಊರೇ ನನ್ನ ಯಂತ್ರವನ್ನು ನಂಬಿ ಕೊಡಲಿಯಿಲ್ಲದೆ ಬರುತ್ತಿದೆಯೆಂಬುದು ಸಣ್ಣ ಮಾತಾಗಿರಲಿಲ್ಲ. ಸತ್ತವರ ಮನೆಗೆ ಹೋಗುವ ಮುನ್ನ ನಾನು ಪ್ಲಗ್ ಬಿಚ್ಚಿ ಒರೆಸಿದೆ, ಪೆಟ್ರೋಲಿಗೆ ಎಣ್ಣೆ ಬೆರೆಸಿದೆ, ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಹೋದವನು ಅವರನ್ನು ಮಲಗಿಸಿದ್ದ ಜಗಲಿಯ ಕಡೆ ತಿರುಗದೆ, ಜನ ತುಂಬಿದೆ, ಆಮೇಲೆ ನೋಡಿದರಾಯಿತೆಂದು ನೇರ ಮಾವಿನ ಮರದ ಬುಡಕ್ಕಿಳಿದೆ.

ಹಿರಿಯರೊಬ್ಬರು ಮರಕ್ಕೆ ಕೈಮುಗಿದು ಶಾಸ್ತ್ರಕ್ಕೆ ಒಂದು ಏಟು ಹಾಕಿದರು. ಆಚೆಯ ಹಿಡಿಯನ್ನು ಪಕ್ಕದ ಮನೆಯವರೊಬ್ಬರು ಹಿಡಿದರು. ಮೂರನೆಯ ಎಳೆತಕ್ಕೇ ಎಂಜಿನ್ ಹತ್ತಿಕೊಂಡಿತು; ಅಷ್ಟು ಸಲೀಸಾಗಿ ಅದು ಹಿಂದೆಂದೂ ಹತ್ತಿಕೊಂಡಿರಲಿಲ್ಲ, ಮುಂದೆಯೂ ಇಲ್ಲ. ಇಬ್ಬರು ತಬ್ಬಿದರೂ ಸಾಲದ ಮರ ಒಂದು ಎಲೆಅಡಿಕೆ ಅಗಿಯುವಷ್ಟರಲ್ಲಿ ಉರುಳಿತು. ಹತ್ತೂವರೆಗೆ ಚಿತೆ ಸಿದ್ಧ. ಕಡಿಯಲು ಬಂದವರು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಸತ್ತವರ ಬಗ್ಗೆ ಯಾರೂ ಏನೂ ಆಡಲಿಲ್ಲ. ಯಂತ್ರದ ಬಗ್ಗೆ ಆಡಿದರು. ಅದರ ವಯಸ್ಸು ಕೇಳಿದರು, ಊರು ಕೇಳಿದರು, ನಾನು ಉತ್ಸಾಹದಿಂದ ಹೇಳಿದೆ.

ಹನ್ನೊಂದಾಯಿತು, ಹನ್ನೆರಡಾಯಿತು. "ಅಕ್ಕ ಬರ್ಬೇಕಲ್ಲ" ಎಂದು ಬೆಳ್ಯಪ್ಪ ಎರಡು ಸಲ ಅಂದ. ಸಂಪಾಜೆಯಿಂದ ಘಾಟಿ ಹತ್ತಿ ಮಡಿಕೇರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ನಾಪೋಕ್ಲಿಗೆ ಬಂದು, ಅಲ್ಲಿಂದ ನಡೆಯಬೇಕು; ಮೂರು ಗಂಟೆಗೆ ಮೊದಲು ಸಾಧ್ಯವೇ ಇಲ್ಲವೆಂದು ಎಲ್ಲರಿಗೂ ಗೊತ್ತು. ಬರಿದಾದ ಚಿತೆ ಬಾಯಿ ತೆರೆದುಕೊಂಡು ಇದ್ದರೆ ಇನ್ನೊಬ್ಬರನ್ನು ಕರೆಯುತ್ತದೆಂಬ ಭಯವೂ ಎಲ್ಲರಿಗೂ ಇತ್ತು. ಕೊನೆಗೆ ಭಯವೇ ಗೆದ್ದಿತು. ಒಂದು ಗಂಟೆಗೆ ಶವ ಎತ್ತಿದರು. ನಾನು ಆಗ ಸರಪಳಿಗೆ ಅಂಟಿದ ಮಾವಿನ ಹೊಟ್ಟನ್ನು ಬಿಡಿಸುತ್ತಿದ್ದೆ. ಮೈಕೈಗೆಲ್ಲ ಪೆಟ್ರೋಲು ಮೆತ್ತಿದ್ದರಿಂದ ಬೆಂಕಿಯ ಹತ್ತಿರ ಸುಳಿಯಬೇಡಿರೆಂದು ಯಾರೋ ಗದರಿದರು, ದೂರದಲ್ಲೇ ನಿಂತೆ.

ಮೂರಕ್ಕೆ ದೇವಕಿ ಬಂದಳು. ಗಂಡಸರೆಲ್ಲ ಮೀಯಲು ಹೋಗಿದ್ದರು, ಹೆಂಗಸರು ಒಳಗಿದ್ದರು. ಅಂಗಳದಲ್ಲಿ ಯಂತ್ರದ ಪಕ್ಕ ನಾನೊಬ್ಬನೇ. ಅವಳ ಮುಖದಲ್ಲಿ ನಗುವಿತ್ತು. "ರೈಟರ್ ಮಾವ, ರಸ್ತೆಯಿಂದ ಕಿವಿ ಕೊಟ್ಟುಕೊಂಡೇ ಬಂದೆ. ಕೊಡ್ಲಿ ಸದ್ದೇ ಇಲ್ಲೆ. ಸುದ್ದಿ ಸುಳ್ಳು, ಅಪ್ಪ ಬದ್ಕಿದ್ದಾರೆ ಅಂತ ಎಣ್ಸಿ ಓಡಿ ಬಂದೆ," ಎಂದಳು. ಆಮೇಲೆ ತೋಟದ ಕೆಳಗಿನ ಹೊಗೆ ಅವಳ ಕಣ್ಣಿಗೆ ಬಿತ್ತು.

ಅವಳು ಬೊಬ್ಬಿಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನೆಲಕ್ಕೆ ಕುಸಿದು ಕೂತು ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಕೇಳಿ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: "ಮುಖ ಹೆಂಗಿತ್ತು ಮಾವ? ನೋವು ತಿಂದ ಹಂಗಿತ್ತಾ, ಮಲ್ಗಿದ ಹಂಗಿತ್ತಾ?"

ಬೆಳಗಿನಿಂದ ಆ ಮನೆಯಲ್ಲೇ ಇದ್ದ ನಾನು ಕುಶಾಲಪ್ಪನವರ ಮುಖವನ್ನು ನೋಡಿಯೇ ಇರಲಿಲ್ಲ.

"ಮಲಗಿದ ಹಾಗಿತ್ತಮ್ಮ," ಎಂದೆ.

"ಹತ್ರದಿಂದ ನೋಡಿದ್ರಾ?"

"ಹತ್ತಿರದಿಂದಲೇ ನೋಡಿದೆ."

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಈಗಲೂ ತವರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಷೆಡ್ಡಿನ ಬೆಂಚಿನ ಮೇಲೆ ಕೂತು ಅದನ್ನೇ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಾಳೆ. ನಾನು ಹೇಳುತ್ತೇನೆ: ಹಣೆ ಹೀಗಿತ್ತು, ತುಟಿ ತುಸು ನಕ್ಕ ಹಾಗಿತ್ತು, ಮೀಸೆಯ ತುದಿಯನ್ನು ಯಾರೋ ಒಪ್ಪವಾಗಿ ತೀಡಿದ್ದರು. ಒಂದೊಂದು ಸಲಕ್ಕೆ ಒಂದೊಂದು ವಿವರ ಹೆಚ್ಚುತ್ತದೆ. ಅವಳು ನಂಬುತ್ತಾಳೆ. ಹೇಳಿ ಹೇಳಿ, ನಾನು ನೋಡದ ಆ ಮುಖವೇ ನನಗೂ ನೆನಪಾಗುತ್ತಿದೆ. ಬೆಂಚಿನ ಮೇಲೆ ಕೂತು ಎಲೆಅಡಿಕೆ ಅಗಿಯುತ್ತ ನನ್ನನ್ನು ನೋಡಿ ನಗುತ್ತಿದ್ದ ಕುಶಾಲಪ್ಪನವರ ಮುಖ, ಎಷ್ಟು ಕಣ್ಣು ಮುಚ್ಚಿದರೂ, ಈಗ ಬರುವುದೇ ಇಲ್ಲ.